ಶಿಶುಪಾಲನಾ ಕೇಂದ್ರಗಳ ಆರೋಗ್ಯ ಮತ್ತು ಸುರಕ್ಷತೆ: ನಿಯಮಗಳು ಏನು ಕೇಳುತ್ತವೆ, ಏಕೆ ಕೇಳುತ್ತವೆ?

ಪ್ರಸ್ತಾವನೆ

ಬಿ.ಇಡಿ. ಪ್ರಶಿಕ್ಷಣಾರ್ಥಿಗಳಾದ ನಾವು ಪ್ರೌಢಶಾಲೆಯ ಮಕ್ಕಳಿಗೆ ಪಾಠ ಮಾಡಲು ಸಿದ್ಧರಾಗುತ್ತಿದ್ದೇವೆ. ತೊಟ್ಟಿಲ ಕೂಸುಗಳು ನಮ್ಮ ತರಗತಿಗೆ ಬರುವುದಿಲ್ಲ. ಹೀಗಿರುವಾಗ ಶಿಶುಪಾಲನಾ ಕೇಂದ್ರದ ವಿಷಯ ನಮಗೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ನಮ್ಮ ಉದ್ಯೋಗಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಹಲವರು ಖಾಸಗಿ ಶಾಲೆಗಳಿಗೆ ಸೇರುತ್ತೇವೆ. ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಒಂದೇ ಕಾಂಪೌಂಡಿನೊಳಗೆ ಪ್ರೌಢಶಾಲೆಯೂ ಎಲ್‌ಕೆಜಿ, ಯುಕೆಜಿಯೂ, ಕೆಲವು ಕಡೆ ಡೇ ಕೇರ್ ಕೂಡ ಇರುತ್ತವೆ. ಅವಘಡವಾದಾಗ ಓಡಿಹೋಗಬೇಕಾದವರಲ್ಲಿ ನಾವೂ ಇರುತ್ತೇವೆ.

ಎರಡನೆಯದು ನಮ್ಮ ಹಾಜರಿ ಪುಸ್ತಕಕ್ಕೆ ಸಂಬಂಧಿಸಿದ್ದು. ಹರಿಹರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಇಂಟರ್ನ್‌ಶಿಪ್ ಮಾಡುವಾಗ ಒಂದು ತರಗತಿಯ ಗೈರುಹಾಜರಿಯ ಕಾರಣಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜ್ವರ, ಊರ ಜಾತ್ರೆ, ಮದುವೆ ಇವುಗಳ ನಡುವೆ ಪದೇ ಪದೇ ಕಾಣಿಸಿದ ಉತ್ತರ ಒಂದಿತ್ತು: 'ತಮ್ಮನ್ನ ನೋಡ್ಕೋಬೇಕಿತ್ತು ಮೇಡಂ.' ಆ ಮಾತು ಹೇಳಿದವರೆಲ್ಲ ಹುಡುಗಿಯರೇ. ಊರಿನಲ್ಲಿ ಭರವಸೆಯ ಶಿಶುಪಾಲನಾ ಕೇಂದ್ರ ಇಲ್ಲದಿದ್ದರೆ ಅದರ ಕೆಲಸವನ್ನು ಎಂಟನೇ ತರಗತಿಯ ಅಕ್ಕ ಮಾಡುತ್ತಾಳೆ. ಆದ್ದರಿಂದ ಈ ವಿಷಯ ನಮ್ಮದೂ ಹೌದು.

ಒಂದೇ ಪರವಾನಗಿ ಇಲ್ಲ

ಡೇ ಕೇರ್ ಆರಂಭಿಸಲು ಯಾವ ಕಚೇರಿಗೆ ಹೋಗಬೇಕು ಎಂದು ಕೇಳಿದರೆ ನಮ್ಮಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಎಂಬ ಸಂಸ್ಥೆ ಶಿಶುಪಾಲಕರನ್ನು ನೋಂದಾಯಿಸಿ ತಪಾಸಣೆಯನ್ನೂ ಮಾಡುತ್ತದೆ. ನಮ್ಮಲ್ಲಿ ಮಗು ಯಾರದು, ತಾಯಿ ಎಲ್ಲಿ ದುಡಿಯುತ್ತಾಳೆ, ಕೇಂದ್ರವನ್ನು ಯಾರು ನಡೆಸುತ್ತಾರೆ ಎಂಬುದರ ಮೇಲೆ ಕಾನೂನು ಬದಲಾಗುತ್ತದೆ. ಮುಖ್ಯವಾದವು ಇವು:

1. ಕಾರ್ಖಾನೆಗಳು: 1948ರ ಕಾರ್ಖಾನೆಗಳ ಕಾಯ್ದೆಯ 48ನೇ ಸೆಕ್ಷನ್ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುವಿಹಾರದ ಕೋಣೆ ಇರಬೇಕೆಂದು ಹೇಳಿತು. ಮೊದಲು 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ ಎಂದಿದ್ದುದನ್ನು 1976ರ ತಿದ್ದುಪಡಿ 30ಕ್ಕೆ ಇಳಿಸಿತು. ಕೋಣೆಗೆ ಗಾಳಿ ಬೆಳಕು ಇರಬೇಕು, ಸ್ವಚ್ಛವಾಗಿರಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಮಹಿಳೆಯ ಉಸ್ತುವಾರಿ ಇರಬೇಕು ಎಂಬುದು ಅದರ ಷರತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಗಳಲ್ಲಿಯೂ ಈ ಹೊಣೆ ಉಳಿದಿದೆ. ಅಲ್ಲಿ ಮಹಿಳೆಯರಷ್ಟನ್ನೇ ಲೆಕ್ಕಹಾಕದೆ ಒಟ್ಟು ಕಾರ್ಮಿಕರ ಸಂಖ್ಯೆಯನ್ನು ಹಿಡಿದು 50ರ ಮಿತಿ ಇಡಲಾಗಿದೆ.

2. ಕಚೇರಿ, ಅಂಗಡಿ, ಆಸ್ಪತ್ರೆ ಮೊದಲಾದವು: ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಸೌಲಭ್ಯವನ್ನು ಕಡ್ಡಾಯ ಮಾಡಿತು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು. ಇದರ ಜಾರಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಕನಿಷ್ಠ ಮಾರ್ಗಸೂಚಿಗಳನ್ನು ಹೊರಡಿಸಿತು.

3. ಕಟ್ಟಡ ಕಾಮಗಾರಿ ಮತ್ತು ಉದ್ಯೋಗ ಖಾತ್ರಿ: 1996ರ ಕಟ್ಟಡ ಕಾರ್ಮಿಕರ ಕಾಯ್ದೆ 50ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾಮಗಾರಿಯಲ್ಲಿ ಶಿಶುಪಾಲನಾ ಕೋಣೆ ಕೇಳಿತು. ನರೇಗಾ ಕಾಯ್ದೆಯಡಿ ಕಾಮಗಾರಿ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಕೂಲಿಕಾರ ಮಹಿಳೆಯರಲ್ಲೇ ಒಬ್ಬರನ್ನು ಮಕ್ಕಳನ್ನು ನೋಡಿಕೊಳ್ಳಲು ನೇಮಿಸಬೇಕಿತ್ತು. ಕರ್ನಾಟಕ ಸರ್ಕಾರ 2023-24ರ ಬಜೆಟ್‌ನಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 4,000 'ಕೂಸಿನ ಮನೆ'ಗಳನ್ನು ಘೋಷಿಸಿದ್ದು ಇದೇ ಅಗತ್ಯವನ್ನು ಮನಗಂಡು.

4. ಅಂಗನವಾಡಿ: 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಐಸಿಡಿಎಸ್ ಯೋಜನೆಗೆ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ಅಂಗನವಾಡಿಯ ಮೇಲ್ವಿಚಾರಣೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಅದು ಸರ್ಕಾರದ್ದೇ ಕೇಂದ್ರವಾದ್ದರಿಂದ ಪರವಾನಗಿಯ ಪ್ರಶ್ನೆ ಬರುವುದಿಲ್ಲ.

5. ಖಾಸಗಿ ನರ್ಸರಿ, ಎಲ್‌ಕೆಜಿ: ಇವು ಶಿಕ್ಷಣ ಇಲಾಖೆಯ ನೋಂದಣಿಯ ವ್ಯಾಪ್ತಿಗೆ ಬರುತ್ತವೆ. ಮೂರರಿಂದ ಆರು ವರ್ಷದ ಮಕ್ಕಳ ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾರ್ಗಸೂಚಿಯೊಂದನ್ನು ಸಿದ್ಧಪಡಿಸಿದೆ. ಆದರೆ ಮಾರ್ಗಸೂಚಿಗೆ ಕಾಯ್ದೆಯ ಬಲ ಇರುವುದಿಲ್ಲ.

ಇಲ್ಲಿ ಪದದ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ 'ಮಕ್ಕಳ ಪಾಲನಾ ಸಂಸ್ಥೆ'ಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಅದು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳು ಉಳಿದುಕೊಳ್ಳುವ ಬಾಲಮಂದಿರದಂಥ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಡೇ ಕೇರ್ ಅದರಡಿ ಬರುವುದಿಲ್ಲ. ಪರೀಕ್ಷೆಯಲ್ಲಿ ಇವೆರಡನ್ನೂ ಒಂದೇ ಎಂದು ಬರೆಯುವವರಿದ್ದಾರೆ.

ಈ ಪಟ್ಟಿಯಿಂದ ತಿಳಿಯುವುದೇನೆಂದರೆ, ಒಂದು ಕಚೇರಿ ಕಟ್ಟಡ ನೋಡುತ್ತದೆ, ಇನ್ನೊಂದು ಅಡುಗೆಮನೆ, ಮತ್ತೊಂದು ಸಿಬ್ಬಂದಿಯ ಹಿನ್ನೆಲೆ. ಎಲ್ಲವನ್ನೂ ಒಟ್ಟಿಗೆ ನೋಡುವವರು ಕಡಿಮೆ. ಆದ್ದರಿಂದ ಪ್ರತಿ ನಿಯಮದ ಹಿಂದಿನ ಕಾರಣವನ್ನು ಕೇಂದ್ರದಲ್ಲಿರುವ ಶಿಕ್ಷಕಿ, ಸಹಾಯಕಿ, ಮುಖ್ಯೋಪಾಧ್ಯಾಯರು ತಾವೇ ಅರಿತಿರಬೇಕಾಗುತ್ತದೆ. ಮುಂದಿನ ಭಾಗದಲ್ಲಿ 2018ರ ಮಾರ್ಗಸೂಚಿಯನ್ನು ಮುಖ್ಯವಾಗಿ ಇಟ್ಟುಕೊಂಡು ಆ ಕಾರಣಗಳನ್ನು ವಿವರಿಸಲಾಗಿದೆ.

ಜಾಗ, ನೆಲಮಹಡಿ, ಆಯಾ: ಮೂರೂ ಸೇರಿ ಒಂದೇ ನಿಯಮ

ಮಾರ್ಗಸೂಚಿಯ ಪ್ರಕಾರ ಒಂದು ಮಗುವಿಗೆ ಕನಿಷ್ಠ 10ರಿಂದ 12 ಚದರ ಅಡಿ ಜಾಗ ಇರಬೇಕು. 20 ಅಡಿ ಉದ್ದ, 15 ಅಡಿ ಅಗಲದ ಕೋಣೆಯ ವಿಸ್ತೀರ್ಣ 300 ಚದರ ಅಡಿ. 12 ಚದರ ಅಡಿಯಂತೆ 25 ಮಕ್ಕಳು. ಅದರಲ್ಲಿ ಬೀರು, ತೊಟ್ಟಿಲು, ಮೇಜು 60 ಚದರ ಅಡಿ ತಿಂದರೆ ಉಳಿಯುವುದು 20 ಮಕ್ಕಳಿಗೆ ಜಾಗ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮಗುವಿಗೆ 3.5 ಚದರ ಮೀಟರ್, ಅಂದರೆ ಸುಮಾರು 38 ಚದರ ಅಡಿ ಬೇಕು. ಅದೇ ಕೋಣೆ ಪೂರ್ತಿ ಖಾಲಿಯಿದ್ದರೂ ಅಲ್ಲಿನ ಲೆಕ್ಕದಲ್ಲಿ ಏಳು ಕೂಸುಗಳಿಗಷ್ಟೇ ಸಾಕು. ನಮ್ಮ ಅಳತೆ ತೀರಾ ಕನಿಷ್ಠ ಎಂಬುದು ಇದರಿಂದ ಗೊತ್ತಾಗುತ್ತದೆ. ಅದರಲ್ಲೂ ಕಡಿತ ಮಾಡಿದರೆ ಒಂದು ಮಗುವಿನ ಕೆಮ್ಮು ಪಕ್ಕದ ಮಗುವಿನ ಮುಖಕ್ಕೇ ತಾಗುತ್ತದೆ.

ಸಿಬ್ಬಂದಿಯ ಲೆಕ್ಕ ಹೀಗಿದೆ: ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ, ಮೂರು ವರ್ಷ ಮೇಲ್ಪಟ್ಟ 20 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ. ಕೇಂದ್ರ ಆದಷ್ಟೂ ನೆಲಮಹಡಿಯಲ್ಲಿರಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದರೆ ಅರ್ಥ ಬಿಟ್ಟುಹೋಗುತ್ತದೆ. ನಡೆಯಲು ಬಾರದ ಹತ್ತು ಕೂಸುಗಳಿರುವ ಕೋಣೆಯಲ್ಲಿ ಹೊಗೆ ತುಂಬಿತು ಎಂದುಕೊಳ್ಳೋಣ. ಒಬ್ಬಾಕೆ ಒಂದು ಸಲಕ್ಕೆ ಎರಡು ಕೂಸುಗಳನ್ನು ಎತ್ತಿಕೊಳ್ಳಬಹುದು. ಇಬ್ಬರು ಸೇರಿ ನಾಲ್ಕು. ಹತ್ತು ಕೂಸುಗಳು ಹೊರಬರಲು ಮೂರು ಸಲ ಒಳಗೆ ಹೋಗಬೇಕು. ಮೊದಲು ಹೊರತಂದ ನಾಲ್ವರನ್ನು ಅಷ್ಟು ಹೊತ್ತು ನೋಡಿಕೊಳ್ಳುವವರು ಯಾರು? ಇದೇ ಕೋಣೆ ಎರಡನೇ ಮಹಡಿಯಲ್ಲಿದ್ದರೆ? ಬಾಗಿಲಿಗೆ ಅಡ್ಡವಾಗಿ ಚಪ್ಪಲಿ ಸ್ಟ್ಯಾಂಡ್ ಇದ್ದರೆ? ಸಿಬ್ಬಂದಿಯ ಸಂಖ್ಯೆ, ನೆಲಮಹಡಿ, ಅಡೆತಡೆಯಿಲ್ಲದ ಬಾಗಿಲು ಇವು ಮೂರೂ ಒಂದನ್ನೊಂದು ಹಿಡಿದು ನಿಂತಿವೆ. ಒಂದು ಸಡಿಲವಾದರೆ ಉಳಿದೆರಡೂ ಉಪಯೋಗಕ್ಕೆ ಬರುವುದಿಲ್ಲ.

ಬೆಂಕಿ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಚಾವಣಿಗೆ ತಗುಲಿ 94 ಮಕ್ಕಳು ತೀರಿಕೊಂಡರು. ಒಂದೇ ಕಟ್ಟಡದಲ್ಲಿ ಹಲವು ಶಾಲೆಗಳು ನಡೆಯುತ್ತಿದ್ದವು. ಇಳಿಯಲು ಇದ್ದದ್ದು ಇಕ್ಕಟ್ಟಿನ ಮೆಟ್ಟಿಲು. ಆ ದುರಂತದ ನಂತರ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2009ರಲ್ಲಿ ಅವಿನಾಶ್ ಮೆಹರೋತ್ರಾ ಪ್ರಕರಣದ ತೀರ್ಪು ನೀಡಿತು. ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೇ ಎಂದು ಅದು ಹೇಳಿತು. ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಶಿಕ್ಷಕರೂ ಸಿಬ್ಬಂದಿಯೂ ಅದನ್ನು ಬಳಸಲು ಕಲಿತಿರಬೇಕು ಎಂಬುದು ಅದರ ನಿರ್ದೇಶನಗಳಲ್ಲಿ ಸೇರಿದೆ.

ಕೆಂಪು ಸಿಲಿಂಡರನ್ನು ಗೋಡೆಗೆ ತೂಗುಹಾಕಿದರೆ ನಿಯಮದ ಅರ್ಧ ಭಾಗವಷ್ಟೇ ಪೂರೈಸಿದಂತೆ. ಅದರ ಒತ್ತಡ ಸೂಚಕದ ಮುಳ್ಳು ಹಸಿರು ಭಾಗದಲ್ಲಿದೆಯೇ, ಮರುಭರ್ತಿಯ ದಿನಾಂಕ ಮೀರಿದೆಯೇ, ಪಿನ್ ಎಳೆದು ಬೆಂಕಿಯ ಬುಡಕ್ಕೆ ಗುರಿಯಿಟ್ಟು ಹಿಡಿಕೆ ಒತ್ತಲು ಯಾರಿಗೆ ಬರುತ್ತದೆ ಎಂಬುದು ಉಳಿದರ್ಧ. ಅಡುಗೆ ಅನಿಲದ ಸಿಲಿಂಡರ್ ಮಕ್ಕಳು ಮಲಗುವ ಕೋಣೆಯಲ್ಲಿ ಇರಲೇಬಾರದು.

ನೀರು ಮತ್ತು ಸೋಂಕು

ಕೇಂದ್ರದ ಸುತ್ತ ತೆರೆದ ಚರಂಡಿ, ಗುಂಡಿ, ಕಸದ ತೊಟ್ಟಿ ಇರಬಾರದು ಎಂದು ಮಾರ್ಗಸೂಚಿ ಹೇಳುತ್ತದೆ. ನಮ್ಮ ಜಿಲ್ಲೆಗೆ ಇದರ ಜೊತೆ ಇನ್ನೆರಡು ಸೇರಿಸಬೇಕು: ಭದ್ರಾ ನಾಲೆ ಮತ್ತು ಮನೆಮನೆಯ ಸಂಪು. ದಾವಣಗೆರೆಗೆ ತುಂಗಭದ್ರಾ ನದಿಯಿಂದಲೂ ಕುಂದವಾಡ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಿಂದಲೂ ನೀರು ಬರುತ್ತದೆ. ನಲ್ಲಿ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಸಂಪು, ಡ್ರಮ್ಮು, ಕೊಳಗಗಳಲ್ಲಿ ತುಂಬಿಡುವುದು ರೂಢಿ. ನೀರಿನಲ್ಲಿ ಮುಳುಗಿ ಸಾಯುವ ಅಪಾಯ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವಯಸ್ಸಿನ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ. ಬಕೆಟ್ಟಿನೊಳಗೆ ಬಗ್ಗಿ ಆಯ ತಪ್ಪಿದರೆ ತಾನಾಗಿ ಮೇಲೇಳಲು ಬಾರದು. ಆದ್ದರಿಂದ ಸಂಪಿನ ಮುಚ್ಚಳಕ್ಕೆ ಬೀಗ, ಬಚ್ಚಲಿಗೆ ಎತ್ತರದಲ್ಲಿ ಚಿಲಕ, ಬಳಸಿದ ಬಕೆಟ್ಟು ಬೋರಲು ಹಾಕುವುದು, ಇವು ಖರ್ಚಿಲ್ಲದ ಸುರಕ್ಷತೆ.

ಅದೇ ಡ್ರಮ್ಮು ಡೆಂಗಿಗೂ ತವರು. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಸುಮಾರು ಏಳರಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಡ್ರಮ್ ಬರಿದು ಮಾಡಿ ಉಜ್ಜಿ ತೊಳೆಯಿರಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದರ ಹಿಂದೆ ಈ ಜೀವನಚಕ್ರದ ಲೆಕ್ಕವಿದೆ.

ಸೇರಿಸಿಕೊಳ್ಳುವಾಗ ತಾಯಿ ಕಾರ್ಡ್ ನೋಡಿ ಲಸಿಕೆಯ ವಿವರ ಬರೆದುಕೊಳ್ಳಬೇಕು. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳಲ್ಲಿ. ಒಂಬತ್ತು ತಿಂಗಳೊಳಗಿನ ಕೂಸಿಗೆ ಆ ರಕ್ಷಣೆ ಇನ್ನೂ ಸಿಕ್ಕಿರುವುದಿಲ್ಲ. ಪಕ್ಕದಲ್ಲಿ ಆಡುವ ದೊಡ್ಡ ಮಕ್ಕಳು ಲಸಿಕೆ ಹಾಕಿಸಿಕೊಂಡಿದ್ದರೆ ಆ ಕೂಸಿಗೂ ಕಾವಲು. ಮಲಮೂತ್ರದ ಬಟ್ಟೆ ಬದಲಿಸುವ ಜಾಗ ಅಡುಗೆಯಿಂದ ದೂರವಿರಬೇಕು, ಪ್ರತಿ ಸಲ ಸೋಪಿನಿಂದ ಕೈ ತೊಳೆಯಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಓಆರ್‌ಎಸ್ ಪೊಟ್ಟಣ ಇಟ್ಟರೆ ಸಾಲದು. ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಶುದ್ಧ ನೀರು, ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು ಎಂಬುದು ಆಯಾಗೆ ಗೊತ್ತಿರಬೇಕು.

ಊಟ

ಅಡುಗೆ ಮಾಡಿ ಬಡಿಸುವ ಕೇಂದ್ರಕ್ಕೆ ಆಹಾರ ಸುರಕ್ಷತಾ ಕಾಯ್ದೆಯಡಿ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕಾಗುತ್ತದೆ. ಶಾಲಾ ಮಕ್ಕಳ ಆಹಾರ ಕುರಿತ 2020ರ ನಿಯಮಗಳು ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರುವುದನ್ನೂ ತಡೆಯುತ್ತವೆ. ಚಿಕ್ಕ ಮಕ್ಕಳ ವಿಷಯದಲ್ಲಿ ತಿನಿಸಿನ ಆಕಾರವೂ ಅಪಾಯವೇ. ಇಡೀ ಶೇಂಗಾ ಬೀಜ, ಹುರಿಗಡಲೆ, ಉಂಡೆ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ನಮ್ಮೂರಿನ ಮಂಡಕ್ಕಿಯಲ್ಲಿ ಬೆರೆಸಿದ ಶೇಂಗಾವನ್ನು ಆರಿಸಿ ತೆಗೆಯದೆ ಎರಡು ವರ್ಷದ ಮಗುವಿನ ಕೈಗೆ ಕೊಡಬಾರದು.

ಮನುಷ್ಯರಿಂದ ರಕ್ಷಣೆ

ಪೋಕ್ಸೊ ಕಾಯ್ದೆ 2012ರದು. ಅದರ 2020ರ ನಿಯಮಗಳು ಮಕ್ಕಳೊಂದಿಗೆ ನಿತ್ಯ ಒಡನಾಡುವ ಎಲ್ಲ ಸಂಸ್ಥೆಗಳಿಗೆ ಅನ್ವಯಿಸುತ್ತವೆ. ಶಾಲೆ ಮತ್ತು ಶಿಶುಪಾಲನಾ ಕೇಂದ್ರಗಳ ಹೆಸರನ್ನೇ ಅಲ್ಲಿ ಎತ್ತಿ ಹೇಳಲಾಗಿದೆ. ಬೋಧಕರು, ಬೋಧಕೇತರರು ಎಂಬ ಭೇದವಿಲ್ಲದೆ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ನಿಯತಕಾಲಕ್ಕೆ ನಡೆಯಬೇಕು. ಮಕ್ಕಳು ಇರುವಾಗ ಪ್ಲಂಬರ್, ಎಲೆಕ್ಟ್ರಿಷಿಯನ್, ಚಾಲಕ ಮೊದಲಾದವರು ಒಳಗೆ ಬರಬಾರದು ಎಂದು 2018ರ ಮಾರ್ಗಸೂಚಿ ಹೇಳುತ್ತದೆ. ದೌರ್ಜನ್ಯದ ಸುಳಿವು ತಿಳಿದೂ ವರದಿ ಮಾಡದಿರುವುದು ಪೋಕ್ಸೊ ಅಡಿ ಅಪರಾಧ: ಸಾಮಾನ್ಯರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ. 'ಶಾಲೆಯ ಹೆಸರು ಕೆಡುತ್ತದೆ' ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. 1098 ಮಕ್ಕಳ ಸಹಾಯವಾಣಿ, 112 ತುರ್ತು ಕರೆ. ಎರಡೂ ಸಂಖ್ಯೆ ಗೋಡೆಯ ಮೇಲಿರಬೇಕು.

ನಿಯಮ ತಲುಪದ ಕಡೆ

ಮೇಲಿನ ಕಾನೂನುಗಳಲ್ಲಿ 30, 50 ಎಂಬ ಸಂಖ್ಯೆಗಳು ಮತ್ತೆ ಮತ್ತೆ ಬರುತ್ತವೆ. ಗಿರಣಿಗಳ ಕಾಲದ ದಾವಣಗೆರೆಗೆ ಆ ಸಂಖ್ಯೆ ಸರಿಹೊಂದುತ್ತಿತ್ತು. ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ಬಡ ಕುಟುಂಬದ ತಾಯಂದಿರು ದುಡಿಯುವುದು ಹೆಚ್ಚಾಗಿ ಚಿಕ್ಕ ಜಾಗಗಳಲ್ಲಿ: ಮಂಡಕ್ಕಿ ಭಟ್ಟಿ, ಖಾನಾವಳಿ, ಮನೆಗೆಲಸ, ಹೊಲದ ಕೂಲಿ. ಒಂದು ಭಟ್ಟಿಯಲ್ಲಿ ದುಡಿಯುವವರು ಬೆರಳೆಣಿಕೆಯಷ್ಟು. ಹತ್ತಾರು ಭಟ್ಟಿಗಳು ಅಕ್ಕಪಕ್ಕದಲ್ಲಿದ್ದರೂ ಕಾನೂನಿನ ಲೆಕ್ಕಕ್ಕೆ ಪ್ರತಿಯೊಂದೂ ಬೇರೆ. ಹಾಗಾಗಿ ಯಾವ ಮಾಲೀಕರ ಮೇಲೂ ಶಿಶುಪಾಲನೆಯ ಹೊಣೆ ಬೀಳುವುದಿಲ್ಲ. ಬೆಂಕಿ, ಹೊಗೆ, ಕಾದ ಮರಳಿನ ಪಕ್ಕದಲ್ಲಿ ಮಗುವನ್ನು ಮಲಗಿಸಬೇಕು, ಇಲ್ಲವೇ ಅಕ್ಕನ ಕೈಗೆ ಒಪ್ಪಿಸಬೇಕು.

ಅಂಗನವಾಡಿ ಇದೆಯಲ್ಲ ಎನ್ನಬಹುದು. ಅಂಗನವಾಡಿಯಲ್ಲಿ ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಕೊಂಡೊಯ್ಯುವ ಪೌಷ್ಟಿಕ ಆಹಾರ, ತೂಕ, ಲಸಿಕೆ ಸಿಗುತ್ತದೆ; ದಿನವಿಡೀ ನೋಡಿಕೊಳ್ಳುವ ಏರ್ಪಾಡು ಇರುವುದಿಲ್ಲ. ಕೇಂದ್ರದ ಪಾಲ್ನಾ ಯೋಜನೆಯಡಿ ಅಂಗನವಾಡಿಗೇ ಶಿಶುಪಾಲನೆ ಸೇರಿಸುವ ಪ್ರಯತ್ನ ಈಗ ನಡೆದಿದೆ. ಕೂಸಿನ ಮನೆ ಇರುವುದು ಗ್ರಾಮ ಪಂಚಾಯಿತಿಗಳಲ್ಲಿ. ನಗರದ ಕೊಳೆಗೇರಿಯ ತಾಯಿಗೆ ಅದು ಸಿಗದು.

ಹಾಗೆಂದು ನಿಯಮಗಳನ್ನು ಬಿಗಿ ಮಾಡುವುದೊಂದೇ ಪರಿಹಾರವಾಗದು. ಬಡಾವಣೆಯಲ್ಲಿ ನಾಲ್ಕೈದು ಮಕ್ಕಳನ್ನು ತಿಂಗಳಿಗಿಷ್ಟು ಎಂದು ನೋಡಿಕೊಳ್ಳುವ ಅಜ್ಜಿಗೆ ದೊಡ್ಡ ಕಟ್ಟಡದ ಷರತ್ತು ವಿಧಿಸಿದರೆ ಆಕೆ ನಿಲ್ಲಿಸಿಬಿಡುತ್ತಾಳೆ. ಮಕ್ಕಳು ಮತ್ತೆ ಭಟ್ಟಿಗೇ ಹೋಗುತ್ತಾರೆ. ಸಂಪಿಗೆ ಬೀಗ, ಒಲೆಗೆ ತಡೆ, ಸೋಪು, ಲಸಿಕೆಯ ಪಟ್ಟಿ, ತಾಯಿಯ ಫೋನ್ ಸಂಖ್ಯೆ ಇಂಥ ಚಿಕ್ಕ ಷರತ್ತುಗಳನ್ನು ಆಕೆ ಪಾಲಿಸಬಲ್ಲಳು. ಆಕೆಗೆ ಬೇಕಾದದ್ದು ತರಬೇತಿ ಮತ್ತು ಆಗಾಗ ಬಂದು ನೋಡುವವರು.

ನಮ್ಮ ತರಗತಿಯಲ್ಲಿ ಏನು ಮಾಡಬಹುದು?

ಎಂಟನೇ ತರಗತಿಯ ಪಠ್ಯದಲ್ಲಿಯೇ ಇದಕ್ಕೆ ಅವಕಾಶವಿದೆ. ನಾನು ಬೋಧನಾಭ್ಯಾಸದಲ್ಲಿ ಬಳಸಿದ ಮೂರು ಚಟುವಟಿಕೆಗಳು ಇವು.

ಅ) ಗಣಿತ, ಕ್ಷೇತ್ರಗಣಿತ: ಮಕ್ಕಳು ಟೇಪಿನಿಂದ ತಮ್ಮ ತರಗತಿಯ ಕೋಣೆಯನ್ನೇ ಅಳೆದರು. ಬೆಂಚುಗಳ ವಿಸ್ತೀರ್ಣ ಕಳೆದು, ಉಳಿದದ್ದನ್ನು ಮೊದಲು 12ರಿಂದ, ಆಮೇಲೆ 38ರಿಂದ ಭಾಗಿಸಿದರು. ಕಡಿಮೆ ಅಂಕ ತೆಗೆಯುವ ಹುಡುಗರೂ ಇದನ್ನು ಬಿಡದೆ ಮಾಡಿದರು.

ಆ) ವಿಜ್ಞಾನ, ದಹನ ಮತ್ತು ಜ್ವಾಲೆ: ಉರಿಯಲು ಬೇಕಾದ ಮೂರು ಅಂಶಗಳನ್ನು ಕಲಿಸಿದ ಮೇಲೆ, ತರಗತಿಯಿಂದ ಮೈದಾನಕ್ಕೆ ಹೋಗುವ ದಾರಿಯ ನಕ್ಷೆ ಬರೆಸಿದೆ. ಪ್ರತಿಯೊಬ್ಬರೂ ಎರಡೆರಡು ಬ್ಯಾಗು ಎತ್ತಿಕೊಂಡು, ಅವೇ ಕೂಸುಗಳೆಂದು ಭಾವಿಸಿ ಆ ದಾರಿಯಲ್ಲಿ ನಡೆದರು. ಬಾಗಿಲಲ್ಲಿ ಎಷ್ಟು ಹೊತ್ತು ಸಿಕ್ಕಿಕೊಳ್ಳುತ್ತೇವೆ ಎಂಬುದು ಅವರಿಗೇ ತಿಳಿಯಿತು.

ಇ) ಸೂಕ್ಷ್ಮಜೀವಿಗಳ ಪಾಠ: ತಮ್ಮ ಮನೆಯಲ್ಲಿ ಎರಡು ವರ್ಷದ ಮಗುವಿನ ಎತ್ತರಕ್ಕೆ ಕೂತು ಸುತ್ತ ನೋಡಿ, ಅಪಾಯವೆನಿಸಿದ್ದನ್ನು ಬರೆಯಲು ಹೇಳಿದೆ. ಸಂಪು, ಸೀಮೆಎಣ್ಣೆ ಬಾಟಲಿ, ಇಲಿಪಾಷಾಣ, ಪ್ಲಗ್ ಪಾಯಿಂಟ್, ತೊಳೆಯದ ಹಾಲಿನ ಬಾಟಲಿ ಪಟ್ಟಿಗೆ ಬಂದವು. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲುಳಿಯುತ್ತಿದ್ದ ಹುಡುಗಿಯರ ಪಟ್ಟಿಯೇ ಎಲ್ಲರಿಗಿಂತ ಉದ್ದವಾಗಿತ್ತು. ಮಾರ್ಗದರ್ಶಕ ಶಿಕ್ಷಕಿ ಆ ಪಟ್ಟಿಗಳನ್ನು ಪೋಷಕರ ಸಭೆಯಲ್ಲಿ ಹೆಸರು ಹೇಳದೆ ಓದಿದರು. ಮಕ್ಕಳು ಗೈರಾಗುವ ವಿಷಯ ಸಭೆಯಲ್ಲಿ ಚರ್ಚೆಗೆ ಬಂದದ್ದು ಆಗ.

ಒಂದು ಎಚ್ಚರಿಕೆ. ಯಾರ ತಾಯಿ ಎಲ್ಲಿ ದುಡಿಯುತ್ತಾಳೆ ಎಂದು ತರಗತಿಯ ಮುಂದೆ ಕೇಳಬಾರದು. ಅಂಗನವಾಡಿಯನ್ನು ತಪಾಸಣೆ ಮಾಡಿ ಬನ್ನಿ ಎಂದು ಮಕ್ಕಳನ್ನು ಕಳಿಸುವುದೂ ಸರಿಯಲ್ಲ. ಅಂಗನವಾಡಿ ಕಾರ್ಯಕರ್ತೆಯನ್ನೇ ತರಗತಿಗೆ ಕರೆದು ಮಾತಾಡಿಸಿದರೆ ಆಕೆಗೂ ಗೌರವ, ಮಕ್ಕಳಿಗೂ ಕಲಿಕೆ.

ಉಪಸಂಹಾರ

ಪರವಾನಗಿ ಎಂಬುದು ಒಂದು ದಿನದ ತಪಾಸಣೆಯ ಫಲ. ಮಗು ಅಲ್ಲಿ ವರ್ಷದ ಎಲ್ಲ ದಿನವೂ ಇರುತ್ತದೆ. ಒಂದೇ ಕಾನೂನು, ಒಂದೇ ತಪಾಸಣೆ ಬರುವವರೆಗೆ ಬೇರೆ ಬೇರೆ ಕಡೆ ಹಂಚಿಹೋಗಿರುವ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕೇಳುವ ಕೆಲಸ ಅಲ್ಲಿರುವ ದೊಡ್ಡವರದ್ದೇ. ಮುಂದಿನ ಸಾಲಿನ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆ ಹೋದ ಮೊದಲ ವಾರದಲ್ಲಿ ಈ ಐದನ್ನು ಗಮನಿಸಲಿ ಎಂಬುದು ನನ್ನ ಕೋರಿಕೆ: ಕಾಂಪೌಂಡಿನೊಳಗಿನ ಅತಿ ಚಿಕ್ಕ ಮಗು ಯಾವ ಕೋಣೆಯಲ್ಲಿದೆ, ಅಲ್ಲಿಂದ ಹೊರಗೆ ಬರಲು ಎಷ್ಟು ಬಾಗಿಲು, ಸಂಪಿಗೆ ಬೀಗವಿದೆಯೇ, ಬೆಂಕಿ ಆರಿಸುವ ಸಾಧನ ಬಳಸಲು ಯಾರಿಗೆ ಬರುತ್ತದೆ, ಹಾಗೂ ಈ ವಾರ ತಮ್ಮ ತಂಗಿಯರ ಕಾರಣಕ್ಕೆ ಯಾರು ಶಾಲೆಗೆ ಬಂದಿಲ್ಲ. ಉತ್ತರಗಳನ್ನು ಮಾರ್ಗದರ್ಶಕ ಶಿಕ್ಷಕರೊಂದಿಗೆ ಕೂತು ಚರ್ಚಿಸಿ, ಇಂಟರ್ನ್‌ಶಿಪ್ ವರದಿಯಲ್ಲಿ ಒಂದು ಪುಟವಾಗಿ ಸೇರಿಸಬಹುದು.